ಗಡುವು ಮುಗಿದ ಎಸ್ಟಿಮೇಟ್, ಗಿರಾಕಿ ಬೇಡವೆಂದ ಎಸ್ಟಿಮೇಟ್: ಸಾಫ್ಟ್‌ವೇರಿನಲ್ಲಿ ಇವನ್ನು ಹೇಗೆ ಇಟ್ಟುಕೊಳ್ಳುತ್ತೀರಿ?

ಪ್ರಶ್ನೆ: ಮೋಟರ್ ರಿವೈಂಡಿಂಗ್ ಅಂಗಡಿ, ಚಿಂತಾಮಣಿ

ಮಾನ್ಯರೇ, ನಮ್ಮದು ಸಬ್‌ಮರ್ಸಿಬಲ್ ಮೋಟರ್ ರಿವೈಂಡಿಂಗ್ (ಸುಟ್ಟ ತಾಮ್ರದ ತಂತಿ ತೆಗೆದು ಹೊಸದನ್ನು ಸುತ್ತುವುದು) ಮತ್ತು ಪಂಪ್ ರಿಪೇರಿ ಮಾಡುವ ಅಂಗಡಿ. ಮೊದಲು ಕಾರ್ಬನ್ ಹಾಳೆಯ ಪುಸ್ತಕದಲ್ಲಿ ಬರೆದುಕೊಡುತ್ತಿದ್ದ ಎಸ್ಟಿಮೇಟನ್ನು ಹೋದ ವರ್ಷದಿಂದ ಸಾಫ್ಟ್‌ವೇರಿನಲ್ಲಿ ತಯಾರಿಸಿ ವಾಟ್ಸಾಪ್‌ಗೆ ಕಳುಹಿಸುತ್ತಿದ್ದೇವೆ. ಈಗ 'ಬಾಕಿ' ಪಟ್ಟಿಯಲ್ಲಿ 140ಕ್ಕೂ ಹೆಚ್ಚು ಎಸ್ಟಿಮೇಟ್‌ಗಳು ಕುಳಿತಿದ್ದು, ಅವುಗಳಲ್ಲಿ ಯಾವುದಕ್ಕೆ ಇನ್ನೂ ಜೀವವಿದೆ ಎಂಬುದು ನನಗೇ ತಿಳಿಯುತ್ತಿಲ್ಲ. ಪಟ್ಟಿ ಉದ್ದವಾಯಿತೆಂದು ಅಂಗಡಿಯ ಹುಡುಗ ಹಳೆಯವನ್ನು ಅಳಿಸತೊಡಗಿದ್ದ. ಅದರ ಫಲ ಏಪ್ರಿಲ್‌ನಲ್ಲಿ ಕಾಣಿಸಿತು. ಫೆಬ್ರವರಿಯಲ್ಲಿ 10 ಎಚ್‌ಪಿ ಮೋಟರಿಗೆ ಎಸ್ಟಿಮೇಟ್ ಪಡೆದು, 'ನೋಡೋಣ' ಎಂದು ಹೇಳಿ, ಬೋರ್‌ವೆಲ್‌ಗೆ ಬೇರೆ ಮೋಟರ್ ಇಳಿಸಿಕೊಂಡಿದ್ದ ರೈತರೊಬ್ಬರು ಬಂದು, ಫೋನ್ ತೆರೆದು, "ನೀವೇ 11,400 ಎಂದು ಕಳಿಸಿದ್ದೀರಲ್ಲ" ಎಂದರು. ಅಷ್ಟರಲ್ಲಿ ತಾಮ್ರದ ತಂತಿಯ ಬೆಲೆ ಏರಿತ್ತು. ಅವರ ಬಳಿ ಪ್ರತಿ ಇತ್ತು, ನಮ್ಮ ಬಳಿ ಇರಲಿಲ್ಲ. ಮರುಮಾತಿಲ್ಲದೆ ಹಳೆಯ ದರಕ್ಕೇ ಕೆಲಸ ಮಾಡಿಕೊಟ್ಟೆವು.

ಗಡುವು ಮುಗಿದದ್ದನ್ನೂ ಗಿರಾಕಿ ನಿರಾಕರಿಸಿದ್ದನ್ನೂ ಬೇರೆ ಬೇರೆ ಇಡಬೇಕೇ? ತಿಂಗಳುಗಳ ನಂತರ ಮರಳಿ ಬಂದವರಿಗೆ ಹಳೆಯದನ್ನೇ ಮತ್ತೆ ತೆರೆಯಬಹುದೇ?

ಉತ್ತರ 1: ಗೂಡ್ಸ್ ವಾಹನಗಳ ಗ್ಯಾರೇಜು, ಕೋಲಾರ

ಖಂಡಿತವಾಗಿಯೂ ಬೇರೆ ಬೇರೆಯಾಗಿಯೇ ಇಡಿ. ಗಡುವು ಮುಗಿಸುವುದು ಕ್ಯಾಲೆಂಡರಿನ ಕೆಲಸ. ಬೇಡವೆನ್ನುವುದು ಗಿರಾಕಿಯ ಬಾಯಿಂದ ಬರಬೇಕಾದ ಮಾತು. ನಮ್ಮ ಕಡೆ ಯಾರೂ ಮುಖಕ್ಕೆ ಬೇಡ ಎನ್ನುವುದಿಲ್ಲ, 'ನೋಡೋಣ' ಎನ್ನುತ್ತಾರೆ, ಇಲ್ಲವೇ ತೆಲುಗಿನಲ್ಲಿ 'ಚೂದ್ದಾಂ' ಎಂದು ಹೊರಟುಬಿಡುತ್ತಾರೆ. ಅದನ್ನು ನಿರಾಕರಣೆ ಎಂದು ಗುರುತಿಸಬೇಡಿ. ಗಡುವಿಗೆ ಬಿಟ್ಟುಬಿಡಿ, ದಿನ ತುಂಬಿದಾಗ ಅದು ತಾನಾಗಿ ಪಟ್ಟಿಯಿಂದ ಇಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ಮೊದಲೇ 30 ದಿನ ಎಂದಿದ್ದರೆ ಅದನ್ನು ಹಾಗೆಯೇ ಬಿಡಬಾರದು. ನಾವು 7 ದಿನ ಇಟ್ಟಿದ್ದೇವೆ. ತಾಮ್ರದ ವ್ಯವಹಾರ ಮಾಡುವ ನಿಮಗೆ 3 ದಿನವೇ ಹೆಚ್ಚು ಎನಿಸುತ್ತದೆ.

ನಿಜವಾದ ನಿರಾಕರಣೆಗೆ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆಸಿ: ದರ ಹೆಚ್ಚಾಯಿತು, ಹೊಸ ಮೋಟರ್ ಕೊಂಡರು, ಬೋರ್‌ವೆಲ್ ಬತ್ತಿತು, ಹೀಗೆ. ಬೋರ್‌ವೆಲ್ ಬತ್ತಿದವರಿಗೆ ಮತ್ತೆ ಮತ್ತೆ ಫೋನ್ ಮಾಡುವುದು ಗಾಯಕ್ಕೆ ಉಪ್ಪು ಹಚ್ಚಿದಂತೆ. ಎರಡೂ ಸಂದರ್ಭಗಳಲ್ಲಿ, ಆ ಎಸ್ಟಿಮೇಟಿನ ಹೆಸರಿನಲ್ಲಿ ಎತ್ತಿಟ್ಟಿದ್ದ ಬಿಡಿಭಾಗಗಳನ್ನು ಸ್ಟಾಕಿಗೆ ಮರಳಿಸಲು ಮರೆಯಬೇಡಿ; ಇಲ್ಲವಾದರೆ ಬೇರಿಂಗ್ ಕಪಾಟಿನಲ್ಲೇ ಇದ್ದರೂ ಸಾಫ್ಟ್‌ವೇರ್ ಇಲ್ಲ ಎನ್ನುತ್ತದೆ.

ಅರ್ಧ ಒಪ್ಪಿ ಅರ್ಧ ಬೇಡವೆಂದ ಎಸ್ಟಿಮೇಟ್ ಇವೆಲ್ಲಕ್ಕಿಂತ ಅಪಾಯಕಾರಿ. ಟೊಮೆಟೊ ಸುಗ್ಗಿಯಲ್ಲಿ ಮಂಡಿಗೆ ಓಡುವ ಪಿಕಪ್‌ನ ಮಾಲೀಕರು ಕ್ಲಚ್ ಪ್ಲೇಟಿಗೆ ಒಪ್ಪಿ, ಬ್ರೇಕ್ ಶೂ ಮುಂದಿನ ಸಲ ನೋಡೋಣ ಎನ್ನುತ್ತಾರೆ. ಆ ಸಾಲನ್ನು ನಾವು ತೆಗೆದುಹಾಕುವುದಿಲ್ಲ. 'ತಿಳಿಸಲಾಗಿದೆ, ಗಿರಾಕಿ ಬೇಡವೆಂದಿದ್ದಾರೆ' ಎಂದು ದಿನಾಂಕದೊಡನೆ ವಾಹನದ ಇತಿಹಾಸದಲ್ಲಿ ಉಳಿಸಿ, ಬಿಲ್ಲಿನ ಕೆಳಗೂ ಅಚ್ಚು ಹಾಕುತ್ತೇವೆ. ಅದೇ ಗಾಡಿ ಮತ್ತೆ ಬಂದ ದಿನ ಜಾಬ್ ಕಾರ್ಡ್ (ಆ ಕೆಲಸದ ದಾಖಲೆ ಹಾಳೆ) ತೆರೆದ ಕೂಡಲೇ ಆ ಸಾಲು ಕಣ್ಣಿಗೆ ಬೀಳುತ್ತದೆ.

ಉತ್ತರ 2: ತೆರಿಗೆ ಸಲಹೆಗಾರ, ತುಮಕೂರು

ಅಂತರಸನಹಳ್ಳಿಯ ಸುತ್ತಮುತ್ತಲಿನ ಕೆಲವು ವರ್ಕ್‌ಶಾಪ್‌ಗಳ ಲೆಕ್ಕ ನೋಡುವ ನಾನು ಕಾನೂನಿನ ಬದಿಯನ್ನಷ್ಟೇ ಹೇಳುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 6ನೇ ಕಲಮಿನ ಪ್ರಕಾರ, ಪ್ರಸ್ತಾವದಲ್ಲಿ ಒಪ್ಪಿಗೆಗೆ ಗಡುವು ನಮೂದಾಗಿದ್ದರೆ ಅದು ಮುಗಿದೊಡನೆ ಪ್ರಸ್ತಾವವೂ ರದ್ದಾಗುತ್ತದೆ. ಗಡುವು ನಮೂದಾಗಿರದಿದ್ದರೆ 'ಯುಕ್ತ ಕಾಲ' ಕಳೆದ ಮೇಲೆ ರದ್ದಾಗುತ್ತದೆ, ಮತ್ತು ಯುಕ್ತ ಕಾಲ ಎಂದರೆ ಎಷ್ಟು ದಿನ ಎಂಬುದೇ ಜಗಳಕ್ಕೆ ಮೂಲ. ಆದ್ದರಿಂದ ಗಡುವು ನಿಮ್ಮ ಸಾಫ್ಟ್‌ವೇರಿನೊಳಗೆ ಇದ್ದರೆ ಸಾಲದು, ಗಿರಾಕಿಗೆ ಹೋಗುವ ಸಂದೇಶದಲ್ಲೇ, ಮೊತ್ತದ ಪಕ್ಕದಲ್ಲೇ ಕಾಣಬೇಕು. ಆ ರೈತರ ಫೋನಿನಲ್ಲಿ 11,400ರ ಕೆಳಗೆ ಒಂದು ದಿನಾಂಕ ಇದ್ದಿದ್ದರೆ ನಿಮ್ಮ ಮಾತಿಗೆ ಆಧಾರವಿರುತ್ತಿತ್ತು.

ಹಳೆಯದನ್ನು ಮತ್ತೆ ತೆರೆಯಲೇಬೇಡಿ. ಅದರ ನಕಲು ಮಾಡಿ, ಹೊಸ ಸಂಖ್ಯೆ ಕೊಟ್ಟು, ಇಂದಿನ ದರವನ್ನೂ ಇಂದಿನ ತೆರಿಗೆಯನ್ನೂ ಹಾಕಿ ಕಳುಹಿಸಿ. ವಾಹನಗಳ ಬಿಡಿಭಾಗಗಳಲ್ಲಿ ಹಲವಕ್ಕೆ 28 ಶೇಕಡಾ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತಷ್ಟೆ; ನಾನು ಲೆಕ್ಕ ನೋಡುವ ಒಂದು ಗ್ಯಾರೇಜಿನಲ್ಲಿ ಆಗಸ್ಟ್‌ನ ಎಸ್ಟಿಮೇಟನ್ನೇ ತೆರೆದು ಅಕ್ಟೋಬರ್‌ನಲ್ಲಿ ಬಿಲ್ಲಾಗಿಸಿದಾಗ ಹಳೆಯ ತೆರಿಗೆಯೇ ಅದರೊಳಗೆ ಕುಳಿತಿತ್ತು. ಎಸ್ಟಿಮೇಟಿನ ಸಂಖ್ಯೆಯ ಸರಣಿ ತೆರಿಗೆ ಬಿಲ್ಲಿನ ಸರಣಿಯಿಂದ ಪ್ರತ್ಯೇಕವಾಗಿರಲಿ. ಬಿಲ್ಲಿನ ಸಂಖ್ಯೆಗಳು ಅನುಕ್ರಮವಾಗಿಯೇ ಇರಬೇಕು. ಎರಡಕ್ಕೂ ಒಂದೇ ಸರಣಿ ಇದ್ದರೆ ನಿರಾಕೃತವಾದ ಪ್ರತಿಯೊಂದು ಎಸ್ಟಿಮೇಟೂ ಅಲ್ಲೊಂದು ತೂತಾಗುತ್ತದೆ. ರಿಪೇರಿಗೆಂದು ಮುಂಗಡ ಪಡೆದಿದ್ದು, ಗಿರಾಕಿ ಬೇಡವೆಂದ ಮೇಲೆ ಹಿಂದಿರುಗಿಸಿದರೆ ರೀಫಂಡ್ ವೋಚರ್ (ಹಣ ಹಿಂದಿರುಗಿಸಿದ್ದಕ್ಕೆ ದಾಖಲೆ ಚೀಟಿ) ಮಾಡಿ. ಎಸ್ಟಿಮೇಟನ್ನು ಮುಚ್ಚಿದ ಮಾತ್ರಕ್ಕೆ ಮುಂಗಡದ ಲೆಕ್ಕ ಮುಚ್ಚುವುದಿಲ್ಲ.

ಪ್ರಶ್ನೆ ಕೇಳಿದವರು, ಚಿಂತಾಮಣಿ

ಇಬ್ಬರಿಗೂ ವಂದನೆಗಳು. ಭಾನುವಾರ ಕುಳಿತು ಪಟ್ಟಿಯನ್ನು ಒಂದೊಂದಾಗಿ ನೋಡಿ, ಸಂದೇಹವಿದ್ದವರಿಗೆ ಫೋನ್ ಮಾಡಿದೆ. 96 ಗಡುವು ಮುಗಿದವು ಎಂದಾದವು, 31 ನಿರಾಕರಣೆಗೆ ಹೋದವು, 9 ಮಂದಿ ಇಂದಿನ ದರಕ್ಕೆ ಹೊಸ ಎಸ್ಟಿಮೇಟ್ ಕೇಳಿದರು. ಉಳಿದವು ಈ ವಾರದವು. ಅಳಿಸುವ ಅನುಮತಿಯನ್ನು ಹುಡುಗನ ಲಾಗಿನ್‌ನಿಂದ ತೆಗೆದಿದ್ದೇನೆ.

ಇನ್ನೊಂದು ಸಂದೇಹವಿದೆ. ನಿರಾಕರಿಸಿದ 31ರಲ್ಲಿ 6 ಮೋಟರ್‌ಗಳು ಇನ್ನೂ ನಮ್ಮ ಅಂಗಡಿಯಲ್ಲೇ ಬಿಚ್ಚಿದ ಸ್ಥಿತಿಯಲ್ಲಿವೆ. ಒಂದರ ಸ್ಟೇಟರಿನಿಂದ (ಮೋಟರಿನ ತಿರುಗದ ಭಾಗದಿಂದ) ಸುಟ್ಟ ವೈಂಡಿಂಗನ್ನು ಕತ್ತರಿಸಿ ತೆಗೆದದ್ದೂ ಆಗಿದೆ. ಆ ಹಳೆಯ ತಾಮ್ರವನ್ನು ಮೂಟೆ ಕಟ್ಟಿಟ್ಟಿದ್ದೇವೆ. ಇವುಗಳನ್ನು ಏನೆಂದು ಬರೆದಿಡಬೇಕು?

ಉತ್ತರ 3: ತುಮಕೂರಿನ ಸಲಹೆಗಾರ

ಎಸ್ಟಿಮೇಟನ್ನು 'ನಿರಾಕೃತ' ಎಂದೇ ಮುಚ್ಚಿ, ಆದರೆ ಜಾಬ್ ಕಾರ್ಡನ್ನು ಮುಚ್ಚಬೇಡಿ. ಮಾಲು ಅಂಗಡಿಯಿಂದ ಹೊರಗೆ ಹೋಗಿ ಗಿರಾಕಿ ಸಹಿ ಹಾಕಿದ ದಿನವೇ ಅದು ಮುಗಿಯಬೇಕು. ಬಿಚ್ಚಿ ನೋಡುವ ಕೂಲಿ ಇಷ್ಟೆಂದು ಮೊದಲೇ ತಿಳಿಸಿದ್ದರೆ ಅದನ್ನು ಕೇಳಬಹುದು; ಕೊಟ್ಟ ಕೆಲಸವನ್ನು ಮುಗಿಸಿದವನು ಕೂಲಿ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದೆಂದು ಅದೇ ಕರಾರು ಕಾಯ್ದೆಯ 170ನೇ ಕಲಮು ಹೇಳುತ್ತದೆ. ಮೊದಲು ತಿಳಿಸಿರದಿದ್ದರೆ ಈ ಆರಕ್ಕೆ ಕೇಳದಿರುವುದೇ ಲೇಸು. ಹಳೆಯ ತಾಮ್ರ ಗಿರಾಕಿಯದು. ಅವರ ಎದುರಿಗೇ ತೂಗಿ, ತೂಕವನ್ನು ಜಾಬ್ ಕಾರ್ಡಿನಲ್ಲಿ ಬರೆದು, ಮೋಟರಿನೊಂದಿಗೆ ಕೊಟ್ಟು ಕಳುಹಿಸಿ.

ಉತ್ತರ 4: ಕೋಲಾರದ ಗ್ಯಾರೇಜು

ಇನ್ನು ಮುಂದೆ ವಾಟ್ಸಾಪ್‌ನಲ್ಲಿ 'ಆಯಿತು, ಮಾಡಿ' ಎಂಬ ಉತ್ತರ ಬಂದು, ಅದನ್ನು ಎಸ್ಟಿಮೇಟಿಗೆ ಲಗತ್ತಿಸುವವರೆಗೆ ಆ ಕತ್ತರಿಯನ್ನು ಹುಡುಗನ ಕೈಗೆ ಕೊಡಬೇಡಿ.