ಹದಿನಾಲ್ಕನೇ ಗುಳಿ

ಭಾನುವಾರ ಬೆಳಿಗ್ಗೆ ನಮ್ಮನೆ ಜಗುಲಿ ಮೇಲೆ ಮಂಡಲಿ ಸೇರಿತ್ತು. ಉಪ್ಪಿಟ್ಟಿನ ತಟ್ಟೆ ಇರಬೇಕಾದ ಜಾಗದಲ್ಲಿ ನಾನೇ ನನ್ನ ಕೈಯಾರೆ ಮಾಡಿದ ಅಳಗುಳಿಮಣೆ. ಒಂದಿಂಚು ದಪ್ಪದ ಸಾಗುವಾನಿ. ಹದಿಮೂರು ಗುಳಿ, ಒಂದು ತೂತು.

"ಏನೋ ಇದು, ಸಿಂಕಾ?" ಅಂದ ಸೀನ, ಹದಿನಾಲ್ಕನೇ ಗುಳಿಗೆ ಎರಡು ಬೆರಳು ತೂರಿಸಿ ಹಲಗೆಯ ಆ ಕಡೆಯಿಂದ ಟಾಟಾ ಮಾಡುತ್ತ.

ಕಥೆ ಹೇಳಿದೆ. ಪರಿಚಯದವರೊಬ್ಬರ ಹತ್ತಿರ ಹೆಸರು-ದಿಕ್ಕಿಲ್ಲದ ಒಂದು ಪ್ಲಂಜ್ ರೂಟರ್ ಇತ್ತು, ಅಂದರೆ ಬಿಟ್ ಅನ್ನೋ ತಿರುಗುವ ಅಲಗನ್ನು ಮೇಲಿಂದ ಇಳಿಸಿ ಮರ ತೋಡೋ ಮಿಷನ್. ಎರವಲು ತಂದೆ. ಹದಿಮೂರು ಗುಳಿಯನ್ನು ಮರ್ಯಾದೆಯಾಗಿ ತೋಡಿತು. ಆಳ 16 ಮಿಲಿಮೀಟರ್ ದಾಟದ ಹಾಗೆ ತಡೆಯೋಕೆ ಪಕ್ಕದಲ್ಲೊಂದು ಸರಳು ಇರುತ್ತದೆ, ಅದನ್ನು ಹಿಡಿದಿಡುವುದು ಹೆಬ್ಬೆರಳಲ್ಲಿ ತಿರುಗಿಸುವ ಒಂದು ಪುಟಾಣಿ ಸ್ಕ್ರೂ. ಆ ಸ್ಕ್ರೂ ಅದುರಿ ಅದುರಿ ಸಡಿಲವಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಕೊನೆಯ ಗುಳಿಗೆ ಮಿಷನ್ ಒತ್ತಿದೆ, ಒತ್ತಿದೆ, ಕೆಳಗಿನ ಬೆಂಚಿನ ಬಣ್ಣದ ಪುಡಿ ಹಾರಿದಾಗ ಗೊತ್ತಾಯಿತು.

"ಅದಕ್ಕೇ ನಾನೇ ಒಂದು ಹೊಸದು ಕೊಳ್ಳೋಣ ಅಂತ. ಯಾವುದು ತಗೊಳ್ಳಲಿ?"

ಇಷ್ಟು ಕೇಳಿದ್ದೇ ತಪ್ಪು.

"ದೊಡ್ಡದು ತಗೋ" ಅಂದ ಸೀನ. ಅವನಿಗೆ ರೂಟರ್ ಅಂದರೆ ವೈಫೈ ಡಬ್ಬ ಒಂದೇ ಗೊತ್ತಿರೋದು. ಆದರೂ ಅಭಿಪ್ರಾಯಕ್ಕೆ ಬಡತನವಿಲ್ಲ. "ಎಷ್ಟು ಎಚ್‌ಪಿ ನೋಡು. ಅದೊಂದೇ ಮುಖ್ಯ."

"ಎಚ್‌ಪಿ ಅಂದ್ರೆ 746 ವಾಟ್" ಅಂದರು ಮೇಷ್ಟ್ರು. ಮೂವತ್ತು ವರ್ಷ ಭೌತಶಾಸ್ತ್ರ ಹೇಳಿದ ಬಾಯಿ, ನಿವೃತ್ತಿಗೆ ಬಗ್ಗಲ್ಲ. "ಅಡುಗೆಮನೆ ಮಿಕ್ಸಿ 750 ವಾಟಿಂದು ಸಿಗುತ್ತೆ. ಅದೂ ಒಂದು ಎಚ್‌ಪೀನೇ. ಹಾಗಂತ ಅದರಲ್ಲಿ ಸಾಗುವಾನಿ ರುಬ್ತೀಯಾ?"

"ಮತ್ತೆ ಇವನಿಗೆಷ್ಟು ಬೇಕು?"

"ಸಾಗುವಾನಿಯಲ್ಲಿ ಒಂದೊಂದು ಸಲಕ್ಕೆ ಮೂರ್ನಾಲ್ಕು ಮಿಲಿಮೀಟರ್ ತೆಗೆಯೋಕೆ 1300 ವಾಟ್ ಧಾರಾಳ. ಅವಸರದವನಿಗೆ 2000 ಬೇಕು. ಅವಸರದವನಿಗೆ ಆಸ್ಪತ್ರೇನೂ ಬೇಕು."

ಸೀನ ಮೊಬೈಲ್ ತೆಗೆದ. ಮಕಿತಾ 3600ಎಚ್, 1650 ವಾಟ್, ನಿಮಿಷಕ್ಕೆ 22,000 ಸುತ್ತು. "ಇದೇ ಸರಿ ಕಣೋ, ಗಂಡು ಮಿಷನ್!"

"ಆ 22,000 ಒಂದೇ ವೇಗವಾ, ಕಮ್ಮಿ ಜಾಸ್ತಿ ಮಾಡಬಹುದಾ?" ಮೇಷ್ಟ್ರು ಕೇಳಿದರು.

"ಒಂದೇ."

ಮೇಷ್ಟ್ರಿಗೆ ಹಬ್ಬ. ನೆನ್ನೆಯ ಪೇಪರಿನ ಅಂಚು ಹರಿದು ಪೆನ್ನು ಇಸಕೊಂಡರು. "ದೊಡ್ಡ ಬಿಟ್ ಹಾಕ್ತೀಯ ಅಂತಿಟ್ಕೋ, 50 ಮಿಲಿಮೀಟರ್ ಅಗಲದ್ದು. 22,000 ಸುತ್ತಿಗೆ ಅದರ ಅಂಚು ಗಂಟೆಗೆ ಎಷ್ಟು ಓಡುತ್ತೆ ಗೊತ್ತಾ? ಇನ್ನೂರ ಏಳು ಕಿಲೋಮೀಟರ್! ಬೆಂಗಳೂರು-ಮೈಸೂರು ಹೈವೇಲಿ ನೂರು ದಾಟಿದ್ರೆ ಚಲನ್ ಮನೆಗೆ ಬರುತ್ತೆ, ನೀನು ಇನ್ನೂರೇಳನ್ನ ಎರಡು ಕೈಲಿ ಹಿಡ್ಕೊಂಡು ಬಗ್ಗಿ ನೋಡ್ತಿರ್ತೀಯ."

"ಅದನ್ನೇ 10,000ಕ್ಕೆ ಇಳಿಸಿದ್ರೆ?"

"ತೊಂಬತ್ನಾಲ್ಕು."

"ಓ, ಕಾನೂನುಬದ್ಧ!" ಅಂದ ಸೀನ.

ಹಾಗಾಗಿ ವೇಗ ಬದಲಿಸುವ ಗುಂಡಿ ಇರಲೇಬೇಕು ಅಂತ ಸಭೆ ಒಪ್ಪಿತು. ಸಣ್ಣ ಬಿಟ್ಟಿಗೆ ಜೋರು ವೇಗ, ಅಗಲ ಬಿಟ್ಟಿಗೆ ನಿಧಾನ. ಮಕಿತಾದಲ್ಲೇ ದೊಡ್ಡಣ್ಣ ಆರ್‌ಪಿ2301ಎಫ್‌ಸಿ 2100 ವಾಟಿಂದು, 9,000ದಿಂದ 22,000ದವರೆಗೆ ಇಳಿಸಿ ಏರಿಸಬಹುದು. ಬಾಷ್‌ನ ಜಿಒಎಫ್ 130 ಅನ್ನೋದು 1300 ವಾಟ್, 11,000ದಿಂದ 28,000. ಟ್ರೈಟನ್‌ದು ಒಂದಿದೆ, 2400 ವಾಟ್. ಅದನ್ನ ಓದಿದಾಗ ಸೀನನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಆಚಾರ್ರು. ನಮ್ಮ ಬೀದಿಯ ಅರ್ಧ ಬಾಗಿಲುಗಳು ಅವರವೇ. ಮಣೆ ಎತ್ತಿ ತೂತಿನಿಂದ ನನ್ನನ್ನೇ ನೋಡಿದರು.

"ಸ್ವಾಮಿ, ಉಳಿ ಕೊಡತಿ ಇದ್ದಿದ್ರೆ ಒಂದು ಮಧ್ಯಾಹ್ನದ ಕೆಲಸ. ಇರಲಿ. ಏನು ನೋಡ್ತಿದ್ದೀರಿ, ವಾಟಾ?" ಎಲೆಯಡಿಕೆ ದವಡೆ ಬದಲಿಸಿದರು. "ಮೊದಲು ಕೊಲೆಟ್ ನೋಡಿ."

ಕೊಲೆಟ್ ಅಂದರೆ ಬಿಟ್ಟಿನ ಕಾಲು ಕಚ್ಚಿ ಹಿಡಿಯೋ ಬಾಯಿ. ಕಾಲಿಂಚು, ಅರ್ಧ ಇಂಚು ಒಂದು ವಂಶ. 6, 8, 12 ಮಿಲಿಮೀಟರ್ ಇನ್ನೊಂದು ವಂಶ. ನಮ್ಮ ಅಂಗಡಿಗಳಲ್ಲಿ ಎರಡೂ ಒಂದೇ ಡ್ರಾಯರಿನಲ್ಲಿ ಹೊರಳಾಡುತ್ತಿರುತ್ತವೆ. ಕಾಲಿಂಚು ಅಂದರೆ 6.35 ಮಿಲಿಮೀಟರ್. ಕಣ್ಣಿಗೆ ಆರಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಕಾಲಿಂಚಿನ ಬಾಯಿಗೆ ಆರರ ಕಾಲು ಹಾಕಿ ಎಷ್ಟೇ ಬಿಗಿದರೂ, ಓಡುವಾಗ ಬಿಟ್ ಜಾರಿ ಕೆಳಗಿಳಿಯುತ್ತದೆ.

"ಅರ್ಧ ಇಂಚಿಂದು 12.7. ಅದು ಹನ್ನೆರಡರ ಬಾಯಿಗೆ ಹೋಗಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕ" ಅಂದರು ಆಚಾರ್ರು. "ಈ ಆರು ಮತ್ತೆ ಕಾಲಿಂಚೇ ಮೋಸ. ನಾನು ಎರಡು ಹಾರ್ಲಿಕ್ಸ್ ಬಾಟಲಿ ಇಟ್ಟಿದೀನಿ. ಒಂದರಲ್ಲಿ ಇಂಚು, ಒಂದರಲ್ಲಿ ಮಿಲಿಮೀಟರ್. ಹುಡುಗರು ಬೆರೆಸಿದ್ರೆ ಅವತ್ತು ಕೂಲಿ ಕಟ್."

"ಬಿಟ್ಟನ್ನ ಪೂರ್ತಿ ಒಳಗೆ ತಳ್ಳಿ ಬಿಗೀಬೇಕಲ್ವಾ?" ನಾನು ಕೇಳಿದೆ.

"ತಳ ಮುಟ್ಟಿಸಿ, ಆಮೇಲೆ ಎರಡು ಮೂರು ಮಿಲಿಮೀಟರ್ ಮೇಲಕ್ಕೆಳ್ಕೊಂಡು ಬಿಗೀರಿ. ತಳಕ್ಕೆ ತಾಗಿದ್ರೆ ಬಿಗಿಯೋದೇ ಸುಳ್ಳು."

ಸೀನನಿಗೆ ಮಾತು ಕೈತಪ್ಪುತ್ತಿದೆ ಅನ್ನಿಸಿತು. "ಈ ದೊಡ್ಡ ಮಿಷನ್ ಯಾಕೆ, ಟ್ರಿಮ್ಮರ್ ಅಂತ ಪುಟ್ಟ ರೂಟರ್ ಇದ್ಯಲ್ಲ, ಅದು ಸಾಕಲ್ವಾ? ಒಂದೂವರೆ ಕಿಲೋ, ಒಂದೇ ಕೈಲಿ ಹಿಡೀಬಹುದು."

ಈ ಸಲ ಹೇಳಿದ್ದರಲ್ಲಿ ಹುರುಳಿತ್ತು. ಅಂಚು ಉರುಟು ಮಾಡೋಕೆ, ಲ್ಯಾಮಿನೇಟ್ ಕತ್ತರಿಸೋಕೆ ಟ್ರಿಮ್ಮರೇ ಚೆಂದ. ಆದರೆ ಗುಳಿ ಅಂಚಿನಿಂದ ಶುರುವಾಗೋದಲ್ಲ, ಹಲಗೆಯ ನಟ್ಟನಡುವೆ ಹುಟ್ಟಬೇಕು. ತಿರುಗುವ ಬಿಟ್ಟನ್ನು ನೇರ ಮೇಲಿಂದ ಇಳಿಸಿ, ಕೆಲಸ ಮುಗಿದ ಮೇಲೆ ನೇರ ಮೇಲಕ್ಕೆತ್ತೋಕೇ ಪ್ಲಂಜ್ ರೂಟರಿಗೆ ಎರಡು ಕಂಬ, ಒಳಗೆರಡು ಸ್ಪ್ರಿಂಗು. ಕೆಲವು ಟ್ರಿಮ್ಮರಿಗೂ ಪ್ಲಂಜ್ ಪೀಠ ಬೇರೆಯಾಗಿ ಸಿಗುತ್ತದೆ, ಮಕಿತಾ ಆರ್‌ಟಿ0700ಸಿಗೆ ಇದೆ. 710 ವಾಟು. ಸಣ್ಣ ಕೆಲಸಕ್ಕೆ ಅದೂ ಆದೀತು, ಆದರೆ ಸಾಗುವಾನಿಯಲ್ಲಿ ಹದಿನಾಲ್ಕು ಗುಳಿ ತೋಡೋ ಹೊತ್ತಿಗೆ ಅದಕ್ಕೂ ನನಗೂ ಏದುಸಿರು.

"ಅಂದ್ಹಾಗೆ, ಇದು ಹುಟ್ಟಿದ್ದೇ ಕ್ಷೌರದ ಮಿಷನ್ನಿಂದ" ಅಂದರು ಮೇಷ್ಟ್ರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರ್.ಎಲ್. ಕಾರ್ಟರ್ ಅನ್ನೋನು ಕೂದಲು ಕತ್ತರಿಸೋ ವಿದ್ಯುತ್ ಮಿಷನ್ನಿನ ಗೇರನ್ನು ಕಿತ್ತು, ಅದನ್ನೇ ಸಾಣೆ ಹಿಡಿದು ಮರ ಕೊರೆಯೋ ಅಲಗು ಮಾಡಿಕೊಂಡನಂತೆ. 1929ರಲ್ಲಿ ಅವನ ವ್ಯವಹಾರವನ್ನು ಸ್ಟ್ಯಾನ್ಲಿ ಕಂಪನಿ ಕೊಂಡಿತು.

ಸೀನ ಮಣೆ ನೋಡಿದ, ನನ್ನ ತಲೆ ನೋಡಿದ. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

"ಅಂಗಡೀಲಿ ಹೇಗೆ ನೋಡೋದು ಹೇಳ್ತೀನಿ" ಅಂತ ಆಚಾರ್ರು ಎದ್ದು ನಿಂತರು. ಕೈಗೆ ಮಿಷನ್ ಇಲ್ಲದ್ದಕ್ಕೆ ನಮ್ಮ ಕುಕ್ಕರನ್ನೇ ತರಿಸಿಕೊಂಡರು. "ಬೆಂಗಳೂರಿಗೆ ಹೋದಾಗ ಎಸ್‌ಜೆಪಿ ರಸ್ತೇಲಿ ನೋಡಿ, ಆದರೆ ಡಬ್ಬದ ಮೇಲಿನ ಚಿತ್ರ ನೋಡ್ಬೇಡಿ. ಕರೆಂಟ್ ಹಾಕೋಕೆ ಮುಂಚೆ ಎರಡೂ ಹಿಡಿ ಹಿಡ್ದು ಒತ್ತಿ, ಬಿಡಿ. ಬೆಣ್ಣೇಲಿ ಚಾಕು ಇಳಿದಂಗೆ ಇಳೀಬೇಕು. ಆಮೇಲೆ ಒಂದೇ ಹಿಡಿ ಒತ್ತಿ" ಅಂತ ಕುಕ್ಕರಿನ ಒಂದು ಕಿವಿ ಒತ್ತಿದರು, "ಸಿಕ್ಕಾಕ್ಕೊಂಡು ನಿಂತ್ರೆ ಕಂಬ ನೆಟ್ಟಗಿಲ್ಲ. ಅರ್ಧದಲ್ಲಿ ಬೀಗ ಹಾಕಿ ಮೈಭಾರ ಬಿಡಿ. ಒಂದು ಕೂದಲೆಳೆ ಜಾರಿದ್ರೂ ಬೇಡ. ಬೀಗದ ಸನ್ನೆ, ಸ್ವಿಚ್ಚು ಎರಡೂ ಹಿಡಿ ಬಿಡದೇ ಬೆರಳಿಗೆ ಸಿಗಬೇಕು. ಸ್ವಿಚ್ ಹುಡುಕೋಕೆ ಒಂದು ಕೈ ಬಿಡೋ ಹಂಗಿದ್ರೆ ಅದನ್ನ ಅವರಿಗೇ ಬಿಟ್ಟು ಬನ್ನಿ."

ಒಳಗಿಂದ ನನ್ನ ಹೆಂಡತಿ, "ಆ ಕುಕ್ಕರ್ ಸಾಕಾಯ್ತಾ?" ಅಂದಳು.

"ಓಡಿಸೋದು ಹೇಗೆ ಆಚಾರ್ರೇ? ಎತ್ತ ತಳ್ಳಬೇಕು?"

"ಗುಳಿ ಒಳಗಡೆಗೆ ಪ್ರದಕ್ಷಿಣೆ. ಹಲಗೆಯ ಹೊರ ಅಂಚಿಗೆ ಅಪ್ರದಕ್ಷಿಣೆ."

"ಅದ್ಯಾಕೆ, ಹೊರಗಿನ ಅಂಚಿಗೆ ಸೂತಕವಾ?" ಅಂದ ಸೀನ.

ಬಿಟ್ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನ ಹಾಗೇ ತಿರುಗುತ್ತದೆ; ಅದಕ್ಕೆ ಎದುರಾಗಿ ಮರ ಉಣಿಸಬೇಕು, ಅಂತ ಮೇಷ್ಟ್ರು ಉಪ್ಪಿಟ್ಟಿನ ಚಮಚ ತಿರುಗಿಸಿ ತೋರಿಸಿದರು. ದಿಕ್ಕು ತಪ್ಪಿದರೆ ಬಿಟ್ಟೇ ಚಕ್ರವಾಗಿ ಮಿಷನ್ನನ್ನು ಎಳೆದುಕೊಂಡು ಓಡುತ್ತದೆ. ಚಮಚದಿಂದ ಒಂದು ಹಿಡಿ ಉಪ್ಪಿಟ್ಟು ಸೀನನ ಪಂಚೆ ಮೇಲೆ ಓಡಿತು. ಪ್ರಾತ್ಯಕ್ಷಿಕೆ ಸಂಪೂರ್ಣ.

ಹನ್ನೆರಡಕ್ಕೆ ತೀರ್ಮಾನವಾಯಿತು. ಮಧ್ಯಮ ಗಾತ್ರ, 1300 ವಾಟಿನ ಆಸುಪಾಸು, ವೇಗ ಬದಲಿಸೋ ಗುಂಡಿ, ಮೆಲ್ಲಗೆ ಸ್ಟಾರ್ಟ್ ಆಗೋದು, ನಮ್ಮೂರಲ್ಲೇ ಬಿಟ್ ಸಿಗೋ ಕೊಲೆಟ್. ಸೀನನ 2400 ವಾಟಿಗೆ ಒಂದೇ ಓಟು, ಅವನದೇ. ನಾನು ಪಟ್ಟಿ ಬರೆದುಕೊಂಡು ಮಣೆ ಎತ್ತಿಡೋಣ ಅಂತ ತಿರುಗಿದರೆ ಮಣೆ ಇಲ್ಲ.

ಹಜಾರದಲ್ಲಿ ಅಮ್ಮ, ಎದುರಿಗೆ ಪಕ್ಕದ ಮನೆ ಹುಡುಗಿ. ಮಧ್ಯೆ ನನ್ನ ಅಳಗುಳಿಮಣೆ, ತೂತಿನ ಕೆಳಗೆ ಒಂದು ಸ್ಟೀಲ್ ಬಟ್ಟಲು. ಹುಣಸೆ ಬೀಜ ಟಣ್ ಅಂತ ಬಿತ್ತು. ಅಮ್ಮನ ಮಡಿಲಲ್ಲಿ ಆಗಲೇ ಎರಡು ಬೊಗಸೆ ಬೀಜ.

"ಆ ತೂತು ನನ್ನ ಕಡೆಗೇ ಇರಲಿ" ಅಂದರು ಅಮ್ಮ, ತಲೆ ಎತ್ತದೆ. "ಹೊಸ ಮಿಷನ್ ತಂದ್ಮೇಲೆ ಇನ್ನೊಂದು ಮಣೆ ಮಾಡ್ತೀಯಲ್ಲ, ಅದರಲ್ಲೂ ಒಂದು ತೂತು ಮಾಡು."