ಪ್ರಶ್ನೋತ್ತರ: ಮರೆವಿನ ಕಾಯಿಲೆಯ ಅಮ್ಮ, ನೋಡಿಕೊಳ್ಳಲು ಒಬ್ಬಳೇ ಮಗಳು. ಮೊದಲು ಯಾವ ಕೆಲಸ?

ಪ್ರಶ್ನೆ: ಅಮ್ಮನಿಗೆ 76. ಡಿಮೆನ್ಷಿಯಾ, ಇನ್ನೂ ಆರಂಭದ ಹಂತ ಎಂದಿದ್ದಾರೆ ವೈದ್ಯರು. ಹಾಸನದ ಮನೆಯಲ್ಲಿ ಜೊತೆಗಿರುವುದು ನಾನೊಬ್ಬಳೇ, ತಮ್ಮ ಬೆಂಗಳೂರಿನಲ್ಲಿ. ಅಪ್ಪನ ಕುಟುಂಬ ಪಿಂಚಣಿ ಅಮ್ಮನ ಖಾತೆಗೆ ಬರುತ್ತದೆ. ಎಲ್ಲಿಂದ ಶುರು ಮಾಡಲಿ? ಸಹಾಯ ಎಲ್ಲಿ ಸಿಗುತ್ತದೆ?

ಉತ್ತರ (ಹಿರಿಯರ ಆರೈಕೆಯ ಸಮಾಜ ಕಾರ್ಯಕರ್ತೆ): ಬ್ಯಾಂಕಿನಿಂದ ಶುರು ಮಾಡಿ, ಅದೂ ಈ ತಿಂಗಳೇ. ಆಯಾ ಹುಡುಕುವುದು, ಮನೆ ಸಜ್ಜು ಮಾಡುವುದು ಮುಂದೆಯೂ ಆಗುತ್ತದೆ. ಅಮ್ಮ ತಿಳಿದು ಸಹಿ ಹಾಕುವ ಕಾಲ ಮಾತ್ರ ಕಾಯುವುದಿಲ್ಲ.

ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮಾಡಿಸಿಟ್ಟು ನಿಶ್ಚಿಂತರಾಗಿರುವ ಮನೆಗಳು ಬಹಳ. ಆದರೆ 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದರ ಅಧಿಕಾರವೂ ಅಲ್ಲಿಗೇ ಮುಗಿಯಿತು. ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಅಮ್ಮನ ಪರವಾಗಿ ವ್ಯವಹರಿಸುವ ಪಾಲಕರ ನೇಮಕಕ್ಕಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗುತ್ತದೆ. ವಕೀಲರ ಖರ್ಚು, ವೈದ್ಯಕೀಯ ತಪಾಸಣೆ, ಅಲೆದಾಟ, ಎಲ್ಲವೂ ನಿಮ್ಮ ತಲೆಯ ಮೇಲೆ.

ಹಾಗಾಗಿ ಈಗಲೇ ಅಮ್ಮ ಮತ್ತು ನಿಮ್ಮ ಹೆಸರಿನಲ್ಲಿ ‘ಐದರ್ ಆರ್ ಸರ್ವೈವರ್’ ಜಂಟಿ ಖಾತೆ ತೆರೆಯಿರಿ, ಅಂದರೆ ಇಬ್ಬರಲ್ಲಿ ಯಾರೊಬ್ಬರ ಸಹಿಯಿಂದಲೂ ನಡೆಯುವ ಖಾತೆ. ಪಿಂಚಣಿ ಖಾತೆಗೇ ಮಗಳ ಹೆಸರು ಸೇರಿಸಲು ಬ್ಯಾಂಕ್ ಒಪ್ಪದಿರಬಹುದು. ಆಗ, ಪಿಂಚಣಿ ಬಂದ ಮರುದಿನ ಹಣ ಜಂಟಿ ಖಾತೆಗೆ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆಸಿ, ಅಮ್ಮನ ಸಹಿ ಹಾಕಿಸಿ. ಠೇವಣಿಯಲ್ಲಿ ಇನ್ನೊಂದು ತೊಡಕಿದೆ. ಜಂಟಿ ಹೆಸರಿನಲ್ಲಿದ್ದರೂ ಅವಧಿಗೆ ಮುಂಚೆ ಮುರಿಯಲು ಇಬ್ಬರ ಸಹಿಯನ್ನೂ ಕೇಳುತ್ತಾರೆ. ಐದು ವರ್ಷಕ್ಕೆ ಒಂದೇ ದೊಡ್ಡ ಠೇವಣಿ ಇಡುವ ಬದಲು ವರ್ಷದ ಅವಧಿಯ ಸಣ್ಣ ಸಣ್ಣ ಠೇವಣಿಗಳಾಗಿ ಒಡೆದಿಡಿ.

ಮನಸ್ಸು ಸರಿಯಿದ್ದು ಕೈ ಮಾತ್ರ ನಡುಗುವವರಿಗೆ ಬೇರೆ ದಾರಿಯಿದೆ: ಇಬ್ಬರು ಸಾಕ್ಷಿಗಳೆದುರು ಹೆಬ್ಬೆಟ್ಟು. ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ದಾಟಿದವರು ಮನೆಬಾಗಿಲ ಬ್ಯಾಂಕಿಂಗ್ ಸೇವೆಯನ್ನೂ ಕೇಳಬಹುದು. ಪಿಂಚಣಿ ನಿಲ್ಲದಿರಲು ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣ ಪತ್ರಕ್ಕೆ ಅಮ್ಮನನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ವಯಸ್ಸಾದವರ ಬೆರಳಚ್ಚು ಸವೆದು ಯಂತ್ರಕ್ಕೆ ಸಿಗದೆ ಹೋಗುವುದುಂಟು, ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೇವೆಯೂ ಇದೆ.

ಇನ್ನು ಸಹಾಯದ ಮಾತು. 14567 ಹಿರಿಯರ ಉಚಿತ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8. ಮಾಹಿತಿ, ಕಾನೂನು ಸಲಹೆ ಎರಡಕ್ಕೂ ಕರೆ ಮಾಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ರೋಗಿಗಷ್ಟೇ ಅಲ್ಲ, ನಿದ್ದೆಗೆಟ್ಟು ಸೋತಿರುವ ನಿಮಗೂ. ಮಾತ್ರೆಗಾಗಿ ಪ್ರತಿ ಸಲ ದೂರ ಹೋಗಬೇಕಿಲ್ಲ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ.

ಪ್ರಶ್ನೆ: ಆಯಾ ಇಟ್ಟುಕೊಂಡರೂ ನಿಲ್ಲುವುದಿಲ್ಲ. ಸಂಜೆಯಾದರೆ ಅಮ್ಮ ‘ಮನೆಗೆ ಹೋಗಬೇಕು’ ಎಂದು ಹಟ ಹಿಡಿಯುತ್ತಾರೆ. ಈ ವಾರವಂತೂ ತೀರಾ ಹೆಚ್ಚಾಗಿದೆ.

ಉತ್ತರ (ಹಿರಿಯರ ಆರೈಕೆಯ ನರ್ಸ್): ‘ಈ ವಾರ ಹೆಚ್ಚಾಗಿದೆ’ ಎಂದಿರಲ್ಲ, ಅದನ್ನು ಮೊದಲು ನೋಡೋಣ. ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಹೆಚ್ಚುವ ಕಾಯಿಲೆ. ಎರಡು ಮೂರು ದಿನದಲ್ಲಿ ಗೊಂದಲ ಏರಿದರೆ ಅದು ಡೆಲಿರಿಯಮ್, ಅಂದರೆ ದೇಹದ ಬೇರೆ ತೊಂದರೆಯಿಂದ ದಿಢೀರನೆ ಬರುವ ಗೊಂದಲ ಇರಬಹುದು. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸ ಮಾತ್ರೆ ಇವು ಸಾಮಾನ್ಯ ಕಾರಣಗಳು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ನಾಳೆಗೆ ಬಿಡದೆ ಇವತ್ತೇ ವೈದ್ಯರಿಗೆ ತೋರಿಸಿ, ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಮಾತ್ರೆಯ ಕ್ಲೋರ್ಫೆನಿರಮೈನ್ ಕೂಡ ಮರೆವಿನವರ ತಲೆ ಕದಡಬಲ್ಲದು.

ದಿನನಿತ್ಯದ ಸಂಜೆಯ ಹಟಕ್ಕೆ: ಕತ್ತಲಾಗುವ ಮೊದಲೇ ದೀಪ ಹಾಕಿ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ‘ಇದೇ ನಿಮ್ಮ ಮನೆ’ ಎಂದು ವಾದಿಸಬೇಡಿ. ‘ಕಾಫಿ ಕುಡಿದು ಹೊರಡೋಣ’ ಎಂದು ಅಂಗಳದಲ್ಲಿ ಒಂದು ಸುತ್ತು ಹಾಕಿಸಿ. ಆಯಾಗೂ ಇದನ್ನೇ ಕಲಿಸಿ, ಜಗಳ ತಪ್ಪಿದರೆ ಅರ್ಧ ಜನ ನಿಲ್ಲುತ್ತಾರೆ. ಸ್ನಾನ, ಊಟ, ಬಟ್ಟೆ, ಶೌಚ ಇವು ಅವರ ಕೆಲಸ. ಅಡುಗೆ, ಪಾತ್ರೆಯನ್ನೂ ಅದರಲ್ಲಿ ಸೇರಿಸಬೇಡಿ. ಮಾತ್ರೆ ಡಬ್ಬಿಯನ್ನು ವಾರಕ್ಕೊಮ್ಮೆ ನೀವೇ ತುಂಬಿಡಿ. ಇಂಜೆಕ್ಷನ್, ಮೂತ್ರದ ಕೊಳವೆ ತರಬೇತಾದ ನರ್ಸಿಗೇ ಇರಲಿ. ವಾರದ ರಜೆ ಮೊದಲೇ ಗೊತ್ತುಮಾಡಿ.

ಪ್ರಶ್ನೆ: ತಮ್ಮ ದುಡ್ಡು ಕಳಿಸುತ್ತಾನೆ, ಬರುವುದಿಲ್ಲ. ಈಗ ಮನೆಯನ್ನು ದಾನಪತ್ರ ಮಾಡಿಸೋಣ ಎನ್ನುತ್ತಿದ್ದಾನೆ.

ಉತ್ತರ (ಸಮಾಜ ಕಾರ್ಯಕರ್ತೆ): ‘ಸ್ವಲ್ಪ ಸಹಾಯ ಮಾಡು’ ಎಂದರೆ ಏನೂ ಆಗುವುದಿಲ್ಲ, ಹೆಸರು ಹೇಳಿ ಕೆಲಸ ಒಪ್ಪಿಸಿ. ವಿಮೆ, ಔಷಧ ತರಿಸುವುದು, ಪಿಂಚಣಿ ಕಾಗದ ಇವು ಬೆಂಗಳೂರಿನಲ್ಲಿ ಕೂತೇ ಮಾಡಬಹುದು. ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಬಂದು ಅಮ್ಮನ ಜೊತೆ ಇರಲಿ, ಆ ದಿನಗಳಲ್ಲಿ ನೀವು ಮನೆ ಬಿಟ್ಟು ಹೋಗಿ.

ದಾನಪತ್ರಕ್ಕೆ ಅವಸರ ಬೇಡ. ಅದು ನೋಂದಣಿಯಾದರೆ ಆಸ್ತಿ ಅಮ್ಮನ ಕೈಬಿಟ್ಟಿತು. ವಿಲ್ ಆದರೆ ಅವರು ಇರುವವರೆಗೂ ಅವರದೇ. ಇಬ್ಬರು ಸಾಕ್ಷಿಗಳಿರಲಿ, ಅಮ್ಮನಿಗೆ ತಿಳಿವಳಿಕೆ ಇದೆಯೆಂದು ಅದೇ ದಿನದ ವೈದ್ಯರ ಪತ್ರವೂ ಇರಲಿ. ದಾನಪತ್ರವೇ ಆಗಬೇಕೆಂದರೆ, ಆಸ್ತಿ ಪಡೆದವರು ಅಮ್ಮನ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಪತ್ರವನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಷರತ್ತು ಬಾಯಿಮಾತಿನಲ್ಲಷ್ಟೇ ಇದ್ದರೆ ಅಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ.