ಅಪ್‌ಡೇಟ್: ಚೋಕ್ ತೆಗೆದರೆ ನಿಲ್ಲುತ್ತಿದ್ದ ಜನರೇಟರ್ ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, ನನ್ನ ಪೆಟ್ರೋಲ್ ಜನರೇಟರ್ ಚೋಕ್ (ಇಂಜಿನ್‌ಗೆ ಹೋಗುವ ಗಾಳಿ ಕಡಿಮೆ ಮಾಡುವ ಮುಚ್ಚಳ) ಹಾಕಿದಾಗ ಮಾತ್ರ ಓಡುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ ಅಂತ. ನೀವು ಹೇಳಿದ್ದೇ ನಿಜ, ತೊಂದರೆ ಇದ್ದದ್ದು ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ. ನಾನು ಸುಮ್ನೆ ಹೊಸ ಸ್ಪಾರ್ಕ್ ಪ್ಲಗ್ ಹಾಕಿ ಕೂತಿದ್ದೆ!

ಪೆಟ್ರೋಲ್ ವಾಲ್ವ್ ಮುಚ್ಚಿ, ಕಾರ್ಬ್ಯುರೇಟರ್‌ನ ಕೆಳಗಿನ ಬಟ್ಟಲು ಬಿಚ್ಚಿದೆ. ಎಂಟು ತಿಂಗಳ ಹಳೇ ಪೆಟ್ರೋಲ್ ಗೋಂದಿನ ಹಾಗೆ ಅಂಟಿಕೊಂಡಿತ್ತು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ಕ್ಲೀನರ್ ಹೊಡೆದು, ತಾಮ್ರದ ತೆಳು ಎಳೆಯಿಂದ ಮೆಲ್ಲಗೆ ಬಿಡಿಸಿದೆ. ಜೆಟ್ ಹಿತ್ತಾಳೆಯದು, ಸೂಜಿ ತುರುಕಿದರೆ ತೂತು ದೊಡ್ಡದಾದೀತು, ಜೋಪಾನ. ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದೆ. ಎರಡನೇ ಸಲಕ್ಕೇ ಶುರುವಾಯಿತು.

ಹತ್ತು ನಿಮಿಷಕ್ಕೆ ಮತ್ತೆ ನಿಂತಿತು! ಎದೆ ಧಸಕ್ಕೆಂದಿತು. ನೋಡಿದರೆ ಇಳಿಜಾರಿನಲ್ಲಿ ಇಟ್ಟಿದ್ದೆ, ಆಯಿಲ್ ಬೇರೆ ಕಡಿಮೆ. ಆಯಿಲ್ ಸೆನ್ಸರ್ ತಾನೇ ಇಂಜಿನ್ ನಿಲ್ಲಿಸಿತ್ತು. ಸಮತಟ್ಟು ಜಾಗಕ್ಕೆ ತಂದು ಆಯಿಲ್ ತುಂಬಿದೆ. ಈಗ ಫ್ರಿಜ್ಜು, ಫ್ಯಾನು ಎರಡೂ ಓಡುತ್ತಿವೆ.

ಮಳೆ ಬಂದರೆ ಒಳಗೆ ಇಡಬಹುದಾ ಅಂತಲೂ ಕೇಳಿದ್ದೆ. ಇಡುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಕಿಟಕಿ ಬಾಗಿಲು ತೆರೆದಿಟ್ಟರೂ ಸಾಲದು. ಹೊರಗೇ, ಗೋಡೆಯಿಂದ ದೂರ, ಒಂದು ಮಾಡು ಕಟ್ಟುತ್ತಿದ್ದೇನೆ.